ಚೀನಾದಲ್ಲಿ ಓದುವಾಗ ಗೆಳೆಯರ ಜೊತೆ ವಾರಾಂತ್ಯದ ಪ್ರವಾಸ: ಪಾಸ್‌ಪೋರ್ಟಿನಿಂದ ಭಾನುವಾರದ ರೈಲಿನವರೆಗೆ

ಚೀನಾಕ್ಕೆ ಓದಲು ಹೋದವರಿಗೆ ಸಿಗುವ ದೊಡ್ಡ ಅನುಕೂಲ ಅಲ್ಲಿನ ರೈಲು. ಶುಕ್ರವಾರ ಸಂಜೆ ಲ್ಯಾಬ್ ಮುಗಿಸಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಊರಲ್ಲಿ ಇರಬಹುದು. ಬೀಜಿಂಗ್‌ನಿಂದ ಶಾಂಘೈಗೆ 1,318 ಕಿ.ಮೀ. ವೇಗದ ರೈಲು ಇಷ್ಟನ್ನೂ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ಆದರೂ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಐದಾರು ವರ್ಷ ಎಂಬಿಬಿಎಸ್ ಓದಿ, ಹಾಸ್ಟೆಲ್, ಆಸ್ಪತ್ರೆ, ಒಂದೆರಡು ಮಾಲ್ ಬಿಟ್ಟು ಬೇರೇನೂ ನೋಡದೆ ಊರಿಗೆ ಮರಳುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಕಾರಣ ಸಾಮಾನ್ಯವಾಗಿ ದುಡ್ಡಲ್ಲ. ಗ್ರೂಪಿನಲ್ಲಿ ಹತ್ತು ಜನ "ಹೋಗೋಣ" ಅಂತಾರೆ, ಯಾರೂ ಟಿಕೆಟ್ ಮಾಡಲ್ಲ. ಶುಕ್ರವಾರ ಬಂದಾಗ ರೈಲು ಫುಲ್, ನೋಡಬೇಕಿದ್ದ ಜಾಗದ ಬುಕಿಂಗ್ ಮುಗಿದಿದೆ, ಒಬ್ಬನ ಪಾಸ್‌ಪೋರ್ಟ್ ವೀಸಾ ಆಫೀಸಿನಲ್ಲಿದೆ. ಚೀನಾದಲ್ಲಿ ಪ್ರವಾಸ ಅಂದರೆ ವಾರದ ಮಧ್ಯದಲ್ಲೇ ಮುಗಿಸಬೇಕಾದ ಕೆಲಸ. ಅದನ್ನು ಮಾಡಿಟ್ಟರೆ ಶನಿವಾರ, ಭಾನುವಾರ ಹಾಯಾಗಿ ಸುತ್ತಬಹುದು.

ಮೊದಲ ಪ್ರವಾಸಗಳಿಗೆ ನನ್ನ ಸಲಹೆ ಇಷ್ಟೇ: ರೈಲಿನಲ್ಲಿ ಎರಡು ಗಂಟೆಯೊಳಗಿನ ಊರು, ಒಂದು ವಾರಾಂತ್ಯಕ್ಕೆ ಒಂದೇ ಊರು, ಜೊತೆಗೆ ನಾಲ್ಕು ಜನ. ನಾಲ್ಕು ಯಾಕೆ ಅಂದರೆ ಒಂದು ಟ್ಯಾಕ್ಸಿ, ಎರಡು ರೂಮು, ಒಂದು ಊಟದ ಟೇಬಲ್‌ಗೆ ಸರಿಹೋಗುತ್ತದೆ. ಎಂಟು ಜನ ಆದರೆ ಪ್ರತಿ ಗೇಟಿನಲ್ಲೂ ಒಬ್ಬರನ್ನು ಕಾಯುತ್ತಲೇ ದಿನ ಹೋಗುತ್ತದೆ. ಸಾಧ್ಯವಾದರೆ ಆ ನಾಲ್ವರಲ್ಲಿ ಒಬ್ಬರು ಚೀನೀ ಸಹಪಾಠಿ ಇರಲಿ. ಭಾಷೆಗೆ ಅನುಕೂಲ ಅನ್ನುವುದು ಒಂದು. ಅದಕ್ಕಿಂತ ಮುಖ್ಯವಾಗಿ, ಅವರ ಕಣ್ಣಲ್ಲಿ ಆ ಊರು ಬೇರೆಯೇ ಕಾಣುತ್ತದೆ.

ಉದಾಹರಣೆಗಳಿಗೆ ಶಾಂಘೈ, ನಾನ್‌ಜಿಂಗ್, ಹಾಂಗ್‌ಝೌ ಇರುವ ಪೂರ್ವ ಭಾಗವನ್ನು ತೆಗೆದುಕೊಂಡಿದ್ದೇನೆ. ನೀವು ಬೇರೆ ಕಡೆ ಇದ್ದರೂ ವಿಧಾನ ಇದೇ.

ಮೊದಲು ಕಾಗದಪತ್ರ

ದೀರ್ಘಾವಧಿ ಓದಿಗೆ ಕೊಡುವ ಎಕ್ಸ್1 ವೀಸಾದಲ್ಲಿ ಬಂದವರು ಚೀನಾ ಪ್ರವೇಶಿಸಿದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಿದಾಗ ಪಾಸ್‌ಪೋರ್ಟ್ ಪೊಲೀಸ್ ಇಲಾಖೆಯ ವೀಸಾ ಕಚೇರಿಯಲ್ಲೇ ಉಳಿಯುತ್ತದೆ. ಕಾನೂನಿನಲ್ಲಿ ಇದಕ್ಕೆ 15 ದಿನದ ಮಿತಿ ಇದೆ. ನಿಮ್ಮ ಕೈಗೆ ಸಿಗುವುದು ಒಂದು ರಸೀದಿ ಮಾತ್ರ. ಆ ರಸೀದಿ ಹಿಡಿದು ದೂರದ ಊರಿಗೆ ಹೋಗಿ ಹೋಟೆಲ್ ಕೌಂಟರಿನಲ್ಲಿ ವಿವರಣೆ ಕೊಡುತ್ತಾ ನಿಲ್ಲುವ ತಾಪತ್ರಯ ಬೇಡ. ಆ ವಾರಗಳಲ್ಲಿ ಮೆಟ್ರೋ ಹತ್ತಿ ನಿಮ್ಮದೇ ಊರು ಸುತ್ತಿ. ಪ್ರತಿ ವರ್ಷ ಪರ್ಮಿಟ್ ನವೀಕರಿಸುವ ತಿಂಗಳಿಗೂ ಇದೇ ಮಾತು.

ಪಾಸ್‌ಪೋರ್ಟಿನ ಫೋಟೋ ಮೊಬೈಲ್‌ನಲ್ಲಿ ಇದ್ದರೆ ಸಾಲದು. ಅಸಲು ಪಾಸ್‌ಪೋರ್ಟ್ ಇಲ್ಲದೆ ರೈಲೂ ಇಲ್ಲ, ಹೋಟೆಲ್ಲೂ ಇಲ್ಲ. ಹೊರಡುವ ಮುನ್ನ ನಾಲ್ವರೂ ಪಾಸ್‌ಪೋರ್ಟ್ ಎತ್ತಿ ತೋರಿಸಿ, ಆಮೇಲೆ ಬಾಗಿಲು ಹಾಕಿ. ಒಬ್ಬರಿಗೊಬ್ಬರು ಕೇಳುವುದಕ್ಕಿಂತ ಕಣ್ಣಾರೆ ನೋಡುವುದು ಒಳ್ಳೆಯದು.

ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ರಾತ್ರಿ ಊರಾಚೆ ಉಳಿಯುವುದಾದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಮೊದಲೇ ತಿಳಿಸಬೇಕು. ಯಾವ ಊರು, ಯಾವ ರೈಲು, ಯಾವ ಹೋಟೆಲ್ ಅಂತ ನಾಲ್ಕು ಸಾಲು ಬರೆದು ನಿಮ್ಮ ಉಸ್ತುವಾರಿ ಟೀಚರ್‌ಗೆ ಅಲ್ಲಿನ ಮೆಸೇಜ್ ಆ್ಯಪ್ ವಿಚಾಟ್‌ನಲ್ಲಿ ಕಳಿಸಿ. ಎರಡು ನಿಮಿಷದ ಕೆಲಸ. ಏನಾದರೂ ತೊಂದರೆ ಆದಾಗ ಮೊದಲು ಫೋನ್ ಎತ್ತುವವರು ಅವರೇ.

ಹಾಂಗ್‌ಕಾಂಗ್ ಬಗ್ಗೆ ಒಂದು ಎಚ್ಚರ. ಅಲ್ಲಿಗೆ ಹೋದರೆ ಕಾನೂನಿನ ಲೆಕ್ಕದಲ್ಲಿ ಚೀನಾದ ಮುಖ್ಯ ಭೂಭಾಗದಿಂದ ಹೊರಗೆ ಹೋದ ಹಾಗೆ. ಅಲ್ಪಾವಧಿ ಓದಿಗೆ ಕೊಡುವ, ಒಂದೇ ಪ್ರವೇಶದ ಎಕ್ಸ್2 ವೀಸಾ ಇದ್ದು, ಶೆನ್‌ಝೆನ್‌ನಿಂದ ಸುಮ್ನೆ ಒಂದು ದಿನಕ್ಕೆ ಅಂತ ಗಡಿ ದಾಟಿದರೆ ವಾಪಸ್ ಬರಲು ಹೊಸ ವೀಸಾ ಬೇಕು. ರೆಸಿಡೆನ್ಸ್ ಪರ್ಮಿಟ್ ಇದ್ದವರಿಗೆ ಈ ಸಮಸ್ಯೆ ಇಲ್ಲ. ಆದರೆ ಭಾರತದ ಪಾಸ್‌ಪೋರ್ಟಿನವರು ಹಾಂಗ್‌ಕಾಂಗ್‌ಗೆ ವೀಸಾ ಇಲ್ಲದೆ ಹೋಗಬೇಕಾದರೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಿರಬೇಕು. 2017ರಿಂದ ಈ ನಿಯಮ ಇದೆ. ಟಿಬೆಟ್ ಅಂತೂ ವಾರಾಂತ್ಯದ ಮಾತೇ ಅಲ್ಲ. ವಿದೇಶಿಯರಿಗೆ ಬೇರೆ ಪರವಾನಗಿ ಬೇಕು, ಟೂರ್ ಏಜೆನ್ಸಿ ಮೂಲಕವೇ ಹೋಗಬೇಕು.

ದಿನ ಆರಿಸುವುದು: ಎಲ್ಲ ಶನಿವಾರವೂ ರಜೆಯಲ್ಲ

ಚೀನಾಕ್ಕೆ ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ಅಲ್ಲಿ ದೊಡ್ಡ ರಜೆಗಳನ್ನು ಉದ್ದ ಮಾಡಲು ಹತ್ತಿರದ ಶನಿವಾರ, ಭಾನುವಾರಗಳನ್ನು ಕೆಲಸದ ದಿನ ಮಾಡುತ್ತಾರೆ. 2025ರಲ್ಲಿ ಅಕ್ಟೋಬರ್ 1ರಿಂದ 8ರವರೆಗೆ ರಜೆ ಕೊಟ್ಟು, ಸೆಪ್ಟೆಂಬರ್ 28ರ ಭಾನುವಾರ ಮತ್ತು ಅಕ್ಟೋಬರ್ 11ರ ಶನಿವಾರ ಕೆಲಸ ಮಾಡಿಸಿದರು. ಅಂಥ ದಿನ ನಿಮಗೂ ಕ್ಲಾಸ್ ಇರಬಹುದು. ಹೊಸ ವರ್ಷದ ರಜಾ ಪಟ್ಟಿಯನ್ನು ಸರ್ಕಾರ ಹಿಂದಿನ ವರ್ಷದ ಕೊನೆಯಲ್ಲೇ ಪ್ರಕಟಿಸುತ್ತದೆ. ಅದನ್ನು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಅಕ್ಟೋಬರ್ ಮೊದಲ ವಾರ, ಮೇ 1ರ ಆಸುಪಾಸು, ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬ, ಚೀನೀ ಹೊಸ ವರ್ಷ: ಈ ದಿನಗಳಲ್ಲಿ ಹೆಸರಾಂತ ಜಾಗಗಳಿಗೆ ಹೋಗಲೇಬೇಡಿ. ಇಡೀ ದೇಶ ಒಟ್ಟಿಗೆ ಹೊರಡುತ್ತದೆ. ನಮ್ಮ ದಸರಾ ಜನಸಂದಣಿಯನ್ನು ನೋಡಿ ಬಂದವರಿಗೂ ಅದು ಜಾಸ್ತಿ ಅನ್ನಿಸುತ್ತದೆ.

ಹವಾಮಾನ ನೋಡಿದರೆ ಈ ಭಾಗಕ್ಕೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಮತ್ತೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಚೆನ್ನ. ಜೂನ್ ಮಧ್ಯದಿಂದ ಜುಲೈ ಮೊದಲ ಭಾಗದವರೆಗೆ ಜಿಟಿಜಿಟಿ ಮಳೆ. ಚಳಿಗಾಲದಲ್ಲಿ ಇನ್ನೊಂದು ಕಷ್ಟ ಇದೆ: ಯಾಂಗ್‌ಟ್ಸಿ ನದಿಯ ದಕ್ಷಿಣಕ್ಕೆ ಊರಿಗೇ ಶಾಖ ಕೊಡುವ ವ್ಯವಸ್ಥೆ ಇಲ್ಲ. ಹೊರಗಿನ ಚಳಿಯೇ ಒಳಗೂ ಇರುತ್ತದೆ. ಅಗ್ಗದ ಹೋಟೆಲ್ ಬುಕ್ ಮಾಡುವಾಗ ರೂಮಿನ ಎಸಿ ಬಿಸಿಗಾಳಿ ಕೊಡುತ್ತದಾ ಅಂತ ವಿಮರ್ಶೆಗಳಲ್ಲಿ ನೋಡಿ.

ರೈಲು ಟಿಕೆಟ್

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಚೀನಾ ರೈಲ್ವೆಯ ಅಧಿಕೃತ ಆ್ಯಪ್ ಹೆಸರು 12306. ಇಂಗ್ಲಿಷ್‌ನಲ್ಲೂ ಬಳಸಬಹುದು. ಮೊದಲ ಸಲ ಪಾಸ್‌ಪೋರ್ಟ್ ವಿವರ ಮತ್ತು ಫೋಟೋ ಕೊಟ್ಟು ಗುರುತು ದೃಢಪಡಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯಬಹುದು. ಆದ್ದರಿಂದ ಪ್ರವಾಸದ ಯೋಚನೆ ಇಲ್ಲದಿದ್ದರೂ ಸೆಮಿಸ್ಟರಿನ ಮೊದಲ ವಾರವೇ ಮಾಡಿಟ್ಟುಕೊಳ್ಳಿ.

ಕರ್ನಾಟಕದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಕೆಲವರಿಗೆ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದ ಹೆಸರಿರುತ್ತದೆ. ಕಾಲೇಜಿನಲ್ಲಿ ಕರೆಯುವ ಹೆಸರನ್ನೋ ಇನಿಷಿಯಲ್ ಇರುವ ಹೆಸರನ್ನೋ ಹಾಕಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗಿರುವ ಎರಡು ಸಾಲು ಅಕ್ಷರಗಳನ್ನು ನೋಡಿ. ಹೆಸರು ಅಲ್ಲಿ ಯಾವ ಕ್ರಮದಲ್ಲಿ, ಯಾವ ಅಕ್ಷರಗಳಲ್ಲಿ ಇದೆಯೋ ಹಾಗೇ ತುಂಬಿ. ಬ್ಯಾಂಕ್, ಸಿಮ್, ದುಡ್ಡು ಕೊಡುವ ಆ್ಯಪ್ ಅಲಿಪೇ ಎಲ್ಲ ಕಡೆಯೂ ಅದೇ ಕ್ರಮ ಇಟ್ಟುಕೊಂಡರೆ ಮುಂದೆ ತಲೆನೋವು ಕಡಿಮೆ.

ಟಿಕೆಟ್ ಮಾರಾಟ 15 ದಿನ ಮುಂಚೆ ಶುರುವಾಗುತ್ತದೆ. ಶುಕ್ರವಾರ ಸಂಜೆ ಹೋಗುವ ರೈಲು, ಭಾನುವಾರ ಸಂಜೆ ಬರುವ ರೈಲು, ಇವೆರಡೇ ಬೇಗ ತುಂಬುವುದು. ಎರಡನ್ನೂ ಒಟ್ಟಿಗೆ ಮಾಡಿ. ಹೋಗುವ ಟಿಕೆಟ್ ಮಾತ್ರ ಮಾಡಿ ಬರುವುದನ್ನು ಆಮೇಲೆ ನೋಡೋಣ ಅಂದರೆ ಸೋಮವಾರದ ಮೊದಲ ಕ್ಲಾಸ್ ತಪ್ಪಿದಂತೆಯೇ. ಸೀಟು ಇಲ್ಲದಿದ್ದರೆ ಆ್ಯಪ್‌ನಲ್ಲಿ ಕಾಯುವ ಪಟ್ಟಿ ಇದೆ. ಮೊದಲೇ ದುಡ್ಡು ಕಟ್ಟಿಟ್ಟರೆ ಸೀಟು ಖಾಲಿಯಾದಾಗ ತಾನಾಗಿ ಸಿಗುತ್ತದೆ, ಸಿಗದಿದ್ದರೆ ದುಡ್ಡು ವಾಪಸ್. ರದ್ದು ಮಾಡಿದರೆ ಕಡಿತ ಹೀಗೆ: 8 ದಿನ ಮುಂಚೆ ಆದರೆ ಏನೂ ಇಲ್ಲ, 48 ಗಂಟೆವರೆಗೆ ಶೇ. 5, 24 ಗಂಟೆವರೆಗೆ ಶೇ. 10, ಆಮೇಲೆ ಶೇ. 20. ಅಂದರೆ ಎರಡು ವಾರ ಮೊದಲೇ ಟಿಕೆಟ್ ಮಾಡಿ, ಮನಸ್ಸು ಬದಲಾದರೆ 8 ದಿನ ಮುಂಚೆಯೇ ರದ್ದು ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಹಿಂದೆಮುಂದೆ ನೋಡದೆ ಮಾಡಿ.

ರೈಲಿನ ನಂಬರ್ ಮುಂದೆ ಜಿ ಅಕ್ಷರ ಇದ್ದರೆ ಅತಿ ವೇಗದ ರೈಲು, ಡಿ ಇದ್ದರೆ ಸ್ವಲ್ಪ ನಿಧಾನ ಮತ್ತು ಹಲವು ಸಲ ಅಗ್ಗ. ಕೆ, ಟಿ, ಝಡ್ ಹಳೆಯ ಬಗೆಯ ರೈಲುಗಳು. ಅವುಗಳಲ್ಲಿ ರಾತ್ರಿ ಮಲಗಿಕೊಂಡೂ ಹೋಗಬಹುದು. ಶಾಂಘೈಯಿಂದ ಸುಝೌಗೆ ಅರ್ಧ ಗಂಟೆ, ಎರಡನೇ ದರ್ಜೆಗೆ 40 ಯುವಾನ್ ಆಸುಪಾಸು. ಹಾಂಗ್‌ಝೌಗೆ ಒಂದು ಗಂಟೆ, 80 ಯುವಾನ್ ಆಸುಪಾಸು.

ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಹಾಂಗ್‌ಝೌ, ಹಾಂಗ್‌ಝೌ ಪೂರ್ವ, ಹಾಂಗ್‌ಝೌ ಪಶ್ಚಿಮ ಎಲ್ಲವೂ ಬೇರೆ ಬೇರೆ. ಸುಝೌ ನಿಲ್ದಾಣ ಹಳೆ ಊರಿನ ಪಕ್ಕದಲ್ಲೇ ಇದೆ, ಸುಝೌ ಉತ್ತರ ಊರಾಚೆ. ಶಾಂಘೈಯಲ್ಲಿ ಹೊಂಗ್‌ಚ್ಯಾವ್ ನಿಲ್ದಾಣಕ್ಕೂ ಶಾಂಘೈ ನಿಲ್ದಾಣಕ್ಕೂ ಮೆಟ್ರೋದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ದೂರ.

ಇನ್ನು ನಿಲ್ದಾಣದೊಳಗೆ. ರೈಲು ಹೊರಡುವ ಒಂದು ಗಂಟೆ ಮುಂಚೆ ಬಾಗಿಲಲ್ಲಿ ಇರಿ. ಒಳಗೆ ಹೋಗುವಾಗ ಪಾಸ್‌ಪೋರ್ಟ್ ತಪಾಸಣೆ, ಆಮೇಲೆ ಬ್ಯಾಗ್ ಸ್ಕ್ಯಾನ್. ಕಾಗದದ ಟಿಕೆಟ್ ಬೇಡ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಚೀನೀಯರು ಗುರುತಿನ ಚೀಟಿ ತಾಗಿಸಿ ದಾಟುವ ಯಂತ್ರದ ಗೇಟುಗಳಲ್ಲಿ ಹಲವು ಕಡೆ ಪಾಸ್‌ಪೋರ್ಟ್ ಓದುವುದಿಲ್ಲ. ಸಾಲಿನ ತುದಿಯಲ್ಲಿ ಸಿಬ್ಬಂದಿ ನಿಂತಿರುವ ಗೇಟ್ ಇರುತ್ತದೆ, ಅಲ್ಲಿಗೆ ಹೋಗಿ. ದೊಡ್ಡ ಬೋರ್ಡಿನಲ್ಲಿ ರೈಲಿನ ನಂಬರ್ ಹುಡುಕಿ ಯಾವ ಗೇಟ್ ಅಂತ ನೋಡಿ. ಒಂದೇ ಸಂಖ್ಯೆಗೆ ಎ ಮತ್ತು ಬಿ ಎರಡಿರುತ್ತವೆ. ಗೇಟ್ ತೆರೆಯುವುದು ಸುಮಾರು 15 ನಿಮಿಷ ಮುಂಚೆ, ಮುಚ್ಚುವುದು ರೈಲು ಹೊರಡುವ ಕೆಲವು ನಿಮಿಷ ಮೊದಲೇ. ಓಡಿ ಬಂದು ಹತ್ತುತ್ತೇನೆ ಅನ್ನುವ ನಮ್ಮೂರಿನ ಅಭ್ಯಾಸ ಇಲ್ಲಿ ನಡೆಯಲ್ಲ.

ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬೋಗಿ ಸಂಖ್ಯೆ ಬರೆದಿರುತ್ತದೆ. ನಿಮ್ಮ ಬೋಗಿಯ ಗುರುತಿನ ಹತ್ತಿರವೇ ನಿಲ್ಲಿ. 16 ಬೋಗಿಯ ಕೆಲವು ರೈಲುಗಳು ಎಂಟೆಂಟು ಬೋಗಿಯ ಎರಡು ರೈಲುಗಳನ್ನು ಮೂತಿಗೆ ಮೂತಿ ಸೇರಿಸಿದಂಥವು. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ಹೋಗಲು ದಾರಿ ಇಲ್ಲ. ತಪ್ಪು ಭಾಗಕ್ಕೆ ಹತ್ತಿದರೆ ಮುಂದಿನ ನಿಲ್ದಾಣದವರೆಗೆ ಸೀಟಿಲ್ಲದೆ ನಿಲ್ಲಬೇಕು.

ಬ್ಯಾಗಿನಲ್ಲಿ ಚಾಕು ಇರಬಾರದು. 150 ಮಿಲಿಗಿಂತ ದೊಡ್ಡ ಸ್ಪ್ರೇ ಡಬ್ಬಿ ರೈಲಿಗೆ ಬಿಡಲ್ಲ. ವಿಮಾನದಲ್ಲಿ ಹೋಗುವುದಾದರೆ ಪವರ್‌ಬ್ಯಾಂಕ್ ಮೇಲೆ ಚೀನಾದ ಸುರಕ್ಷತಾ ಗುರುತಾದ 3ಸಿ ಇದೆಯಾ ನೋಡಿ. 2025ರ ಜೂನ್ 28ರಿಂದ ಆ ಗುರುತಿಲ್ಲದ ಪವರ್‌ಬ್ಯಾಂಕನ್ನು ದೇಶದೊಳಗಿನ ವಿಮಾನಗಳಲ್ಲಿ ಒಯ್ಯುವಂತಿಲ್ಲ. ಬೆಂಗಳೂರಿನಿಂದ ತಂದದ್ದರಲ್ಲಿ ಅದು ಇರುವುದು ಅನುಮಾನ.

ಹೋಟೆಲ್

ವಿದೇಶಿಯರು ಎಲ್ಲೇ ಉಳಿದರೂ ಪೊಲೀಸರಲ್ಲಿ ನೋಂದಣಿ ಆಗಬೇಕು. ಹೋಟೆಲ್‌ನಲ್ಲಿ ಉಳಿದರೆ ಅದನ್ನು ಅವರೇ ಮಾಡುತ್ತಾರೆ. ಗೆಳೆಯರ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಉಳಿದರೆ 24 ಗಂಟೆಯೊಳಗೆ ಠಾಣೆಗೆ ಹೋಗಿ ನೀವೇ ಮಾಡಿಸಬೇಕು. ಎರಡು ದಿನದ ಪ್ರವಾಸಕ್ಕೆ ಇದು ಬೇಡದ ಕೆಲಸ, ಹೋಟೆಲ್ಲೇ ಸರಿ.

ವಿದೇಶಿಯರನ್ನು ಸೇರಿಸಿಕೊಳ್ಳಲ್ಲ ಅಂತ ಹೋಟೆಲ್‌ಗಳು ಹೇಳುವಂತಿಲ್ಲ ಎಂದು ಸರ್ಕಾರ 2024ರಲ್ಲಿ ಸ್ಪಷ್ಟ ಮಾಡಿದೆ. ಆದರೂ ಸಣ್ಣ ಲಾಡ್ಜ್‌ಗಳ ರಿಸೆಪ್ಷನ್‌ನಲ್ಲಿ ಇರುವವರಿಗೆ ಪಾಸ್‌ಪೋರ್ಟ್ ನೋಂದಣಿ ಮಾಡುವುದು ಗೊತ್ತಿರದೆ ಇರಬಹುದು. ರಾತ್ರಿ ಹನ್ನೊಂದಕ್ಕೆ ಹೋಗಿ ಅವರಿಗೆ ಕಲಿಸುವ ಬದಲು ದೊಡ್ಡ ಚೈನ್ ಹೋಟೆಲ್ ಆರಿಸಿ. ಟ್ರಿಪ್ ಡಾಟ್ ಕಾಮ್‌ನಲ್ಲಿ ಬುಕ್ ಮಾಡಿ, ಹಿಂದಿನ ದಿನ ನಿಮ್ಮ ಚೀನೀ ಗೆಳೆಯನಿಂದ ಒಂದು ಫೋನ್ ಮಾಡಿಸಿ: "ಭಾರತದ ಪಾಸ್‌ಪೋರ್ಟಿನವರು ಬರುತ್ತಿದ್ದಾರೆ, ಸರಿ ತಾನೆ?" ಇಷ್ಟು ಕೇಳಿದರೆ ಸಾಕು. ಸಾಧಾರಣ ಎರಡು ಹಾಸಿಗೆ ರೂಮು 200ರಿಂದ 350 ಯುವಾನ್‌ಗೆ ಸಿಗುತ್ತದೆ. ರೂಮಿನಲ್ಲಿ ಮಲಗುವ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಕೌಂಟರಿನಲ್ಲಿ ಕೊಡಿ. ಇಬ್ಬರ ಹೆಸರಲ್ಲಿ ರೂಮು ಮಾಡಿ ನಾಲ್ವರು ನುಸುಳುವ ಉಪಾಯ ಬೇಡ. ಅದರಿಂದ ಉಳಿಯುವ ದುಡ್ಡು ನಿಮ್ಮ ಪರ್ಮಿಟ್‌ಗಿಂತ ದೊಡ್ಡದಲ್ಲ.

ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಹೋಟೆಲ್ ಇರಲಿ. ಊರಿನ ಮಧ್ಯದಲ್ಲೇ ಬೇಕು ಅಂತಿಲ್ಲ.

ಮೊಬೈಲ್, ದುಡ್ಡು, ಬುಕಿಂಗ್

ಚೀನಾದಲ್ಲಿ ತಡೆಹಿಡಿದಿರುವ ಗೂಗಲ್ ಮ್ಯಾಪ್, ವಾಟ್ಸ್ಆ್ಯಪ್ ನಂಬಿಕೊಂಡು ಹೊರಡಬೇಡಿ. ದಾರಿಗೆ ಆಮ್ಯಾಪ್, ಟ್ಯಾಕ್ಸಿಗೆ ದೀದಿ, ಮಾತಿಗೆ ವಿಚಾಟ್, ದುಡ್ಡಿಗೆ ಅಲಿಪೇ ಮತ್ತು ವಿಚಾಟ್ ಪೇ. ಚೀನೀ ಬ್ಯಾಂಕ್ ಖಾತೆ ಇದ್ದರೆ ಅದನ್ನೇ ಜೋಡಿಸಿ. ಇನ್ನೂ ಖಾತೆ ಆಗಿಲ್ಲ ಅಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್ ದಾಟಿದ ಪಾವತಿಗೆ ಶೇ. 3 ಶುಲ್ಕ ಬೀಳುತ್ತದೆ. ಮೆಟ್ರೋಗೆ ಅಲಿಪೇಯಲ್ಲೇ ಆಯಾ ಊರಿನ ಕೋಡ್ ತೆರೆಯಬಹುದು. ರೈಲಿನಲ್ಲಿ ಕೂತಾಗಲೇ ಇಳಿಯುವ ಊರಿನ ಕೋಡ್ ತೆಗೆದಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಒಬ್ಬರೇ ಇಡಲಿ. ಟಿಕೆಟ್, ರೂಮು, ಊಟ ಎಲ್ಲಕ್ಕೂ ಅವರೇ ಕೊಟ್ಟು ವಿಚಾಟ್ ಗ್ರೂಪಿನಲ್ಲಿ ಬಿಲ್ ಹಂಚುವ ಸೌಲಭ್ಯದಿಂದ ಎಲ್ಲರಿಗೂ ಕಳಿಸಲಿ. ಅದೇ ದಿನ ರಾತ್ರಿ ತೀರಿಸಿಬಿಡಿ. ಗೆಳೆತನ ಹಾಳಾಗುವುದು ದೊಡ್ಡ ಜಗಳದಿಂದ ಅಲ್ಲ, ತಿಂಗಳು ಕಳೆದರೂ ಬಾರದ 60 ಯುವಾನ್‌ನಿಂದ. ಸಸ್ಯಾಹಾರಿಯೊಬ್ಬರು ಬರೀ ಅನ್ನ, ಸೊಪ್ಪು ತಿಂದಿದ್ದರೆ ಆ ಊಟವನ್ನು ಸಮನಾಗಿ ಹಂಚಬೇಡಿ. ಕೇಳಲು ಅವರಿಗೆ ಸಂಕೋಚ ಆಗುತ್ತದೆ, ನೀವೇ ಗಮನಿಸಿ.

ನೋಡುವ ಜಾಗಗಳಿಗೆ ಮೊದಲೇ ಬುಕಿಂಗ್ ಬೇಕು, ಉಚಿತ ಇದ್ದರೂ ಬೇಕು. ಸುಝೌ ಮ್ಯೂಸಿಯಂ, ನಾನ್‌ಜಿಂಗ್‌ನಲ್ಲಿರುವ, ಚೀನಾ ಗಣರಾಜ್ಯದ ಸ್ಥಾಪಕ ಸುನ್ ಯಾತ್‌ಸೆನ್ ಸಮಾಧಿ ಎಲ್ಲವೂ ಹಾಗೇ. ವಿಚಾಟ್‌ನ ಒಳಗೇ ತೆರೆಯುವ ಸಣ್ಣ ಆ್ಯಪ್‌ನಲ್ಲಿ (ಮಿನಿ ಪ್ರೋಗ್ರಾಂ) ಗುರುತಿನ ಬಗೆ ಅನ್ನುವ ಜಾಗದಲ್ಲಿ ಪಾಸ್‌ಪೋರ್ಟ್ ಆರಿಸಿ ನಂಬರ್ ಹಾಕಿ. ಮ್ಯೂಸಿಯಂಗಳಿಗೆ ಸೋಮವಾರ ರಜೆ. ಸ್ಟೂಡೆಂಟ್ ಕಾರ್ಡ್ ಇಟ್ಟುಕೊಳ್ಳಿ, ಹಲವು ಕಡೆ ಅರ್ಧ ದರ ಇದೆ.

ಊಟ: ಸಸ್ಯಾಹಾರಿಗಳಿಗೆ ಮುಖ್ಯವಾಗಿ

ಮಾಂಸ ತಿನ್ನುವವರಿಗೆ ತೊಂದರೆ ಇಲ್ಲ, ಅವರಿಗೆ ಚೀನಾ ಹಬ್ಬ. ಸಸ್ಯಾಹಾರಿಗಳು ಮಾತ್ರ ತಯಾರಿ ಮಾಡಿಕೊಳ್ಳಬೇಕು. ಚೀನೀ ಗೆಳೆಯರಿಂದ ಒಂದು ಚೀಟಿ ಬರೆಸಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ: ಮಾಂಸ, ಮೀನು, ಸೀಗಡಿ ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬಿನಲ್ಲಿ ಹುರಿಯಬೇಡಿ, ಮೊಟ್ಟೆ ಆಗುತ್ತೆ ಅಥವಾ ಆಗಲ್ಲ. "ಮಾಂಸ ಬೇಡ" ಅಂತಷ್ಟೇ ಅಂದರೆ ಕೊಚ್ಚಿದ ಹಂದಿ ಮಾಂಸದ ಚೂರು ಬಂದೇ ಬರುತ್ತದೆ. ಹುರಿದ ಬೀನ್ಸ್, ಮಾಪೊ ತೋಫು, ಕೈಯಲ್ಲಿ ಹರಿದು ಹುರಿದ ಕೋಸು ಇವು ನೋಡಲು ತರಕಾರಿಯಂತೆ ಇದ್ದರೂ ಮಾಂಸ ಬೆರೆತಿರುವುದೇ ಹೆಚ್ಚು. ಟೊಮೆಟೊ ಮೊಟ್ಟೆ, ಹುಳಿ ಖಾರದ ಆಲೂಗಡ್ಡೆ ಎಳೆ, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಆಲೂಗಡ್ಡೆ ಬದನೆ ದೊಣ್ಣೆಮೆಣಸು ಸೇರಿಸಿದ ದಿ ಸಾನ್ ಶ್ಯೆನ್ ಇವನ್ನು ಕೇಳಬಹುದು.

ಹಂದಿ ತಿನ್ನದವರಿಗೆ ಪ್ರತಿ ಊರಲ್ಲೂ ಲಾನ್‌ಝೌ ನೂಡಲ್ಸ್ ಅಂಗಡಿ ಇದೆ. ಮುಸ್ಲಿಮರು ನಡೆಸುವ ಹಲಾಲ್ ಅಂಗಡಿಗಳು. ಅಲ್ಲಿಯ ಹೆಸರಾಂತ ನೂಡಲ್ಸ್ ದನದ ಮಾಂಸದ ಸಾರಿನದು. ಅದೂ ಬೇಡದವರು ಮೊಟ್ಟೆ ಅನ್ನವನ್ನೋ ಟೊಮೆಟೊ ಮೊಟ್ಟೆಯ ನೂಡಲ್ಸನ್ನೋ ಕೇಳಿ, ಸಾರು ಬೇಡ ಅನ್ನಿ.

ಇನ್ನು ನನಗೆ ತುಂಬಾ ಇಷ್ಟದ ದಾರಿ: ಬೌದ್ಧ ದೇವಸ್ಥಾನಗಳ ಊಟ. ಸುಝೌನ ಶಿಯುವಾನ್ ದೇವಸ್ಥಾನ, ನಾನ್‌ಜಿಂಗ್‌ನ ಜಿಮಿಂಗ್ ದೇವಸ್ಥಾನ, ಶಾಂಘೈಯ ಲೊಂಗ್‌ಹುವಾ ದೇವಸ್ಥಾನಗಳಲ್ಲಿ ಅಣಬೆ, ತೋಫು ಹಾಕಿದ ನೂಡಲ್ಸ್ ಅಗ್ಗಕ್ಕೆ ಸಿಗುತ್ತದೆ. ಅಲ್ಲಿ ಅಡುಗೆಯಲ್ಲಿ ಏನಿದೆ ಅಂತ ಕೇಳುವ ಅಗತ್ಯವೇ ಇಲ್ಲ. ಮಾಂಸ ತಿನ್ನುವ ಗೆಳೆಯರೂ ಬಟ್ಟಲು ಖಾಲಿ ಮಾಡುತ್ತಾರೆ. ಶಾಂಘೈಯಲ್ಲಿ 1922ರಲ್ಲಿ ಶುರುವಾದ ಗೊಂಗ್‌ದಲಿನ್ ಎಂಬ ಸಸ್ಯಾಹಾರಿ ಹೋಟೆಲ್ಲೂ ಇದೆ.

ರೈಲಿನ ಬೋಗಿಗಳಲ್ಲಿ, ನಿಲ್ದಾಣಗಳಲ್ಲಿ, ಹೋಟೆಲ್ ರೂಮಿನಲ್ಲಿ ಕುದಿಯುವ ನೀರು ಪುಕ್ಕಟೆ. ಊರಿಂದ ತಂದ ಎಂಟಿಆರ್ ಉಪ್ಪಿಟ್ಟು, ಅವಲಕ್ಕಿ ಕಪ್‌ಗಳನ್ನು ಹಾಸ್ಟೆಲ್‌ನಲ್ಲಿ ತಿಂದು ಮುಗಿಸಬೇಡಿ, ಪ್ರವಾಸಕ್ಕೆ ಉಳಿಸಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಕೆಲವೇ ನಿಮಿಷದಲ್ಲಿ ತಿಂಡಿ ತಯಾರು. ಜೊತೆಗೆ ಒಂದು ಪೊಟ್ಟಣ ಚಟ್ನಿಪುಡಿ ಇದ್ದರೆ ಚೀನಾದ ಬಿಳಿ ಅನ್ನವೂ ರುಚಿಯಾಗುತ್ತದೆ.

ಎಲ್ಲಿಗೆ ಹೋಗುವುದು

ಮೊದಲ ಪ್ರವಾಸ ಸುಝೌ ಆಗಲಿ. ರಾತ್ರಿ ಉಳಿಯುವುದು ಬೇಡ, ಒಂದೇ ದಿನ. ಸುಝೌ ನಿಲ್ದಾಣದಿಂದ ಮೆಟ್ರೋ 4ನೇ ಲೈನಿನಲ್ಲಿ ಬೇಸಿತಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನಡೆಯಿರಿ. 16ನೇ ಶತಮಾನದ ಆರಂಭದಲ್ಲಿ ಕಟ್ಟಿದ ಝುವೊಝೆಂಗ್ ಉದ್ಯಾನ ಇಲ್ಲಿದೆ. ಸುಝೌನ ಹಳೆಯ ಉದ್ಯಾನಗಳು 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಬಾಗಿಲು ತೆರೆಯುವ ಹೊತ್ತಿನ ಪ್ರವೇಶವನ್ನೇ ಬುಕ್ ಮಾಡಿ, ಹತ್ತು ಗಂಟೆ ಆದಮೇಲೆ ಟೂರ್ ಗುಂಪುಗಳ ಮೈಕಿನ ಸದ್ದು ಶುರು. ಮಧ್ಯ ಭಾಗದ ಕೊಳದ ಪೂರ್ವ ತುದಿಗೆ ಹೋಗಿ ಪಶ್ಚಿಮಕ್ಕೆ ತಿರುಗಿ ನಿಲ್ಲಿ. ನೀರು, ಕಮಲದ ಎಲೆ, ಎರಡೂ ಕಡೆ ಮರ, ಅವುಗಳ ನಡುವೆ ದೂರದಲ್ಲಿ ಒಂದು ಎತ್ತರದ ಗೋಪುರ. ಗೋಪುರ ಉದ್ಯಾನದ ಒಳಗೇ ಇದೆ ಅನ್ನಿಸುತ್ತದೆ. ಅದು ಇರುವುದು ಗೋಡೆಯಾಚೆ, ನೀವು ಮೆಟ್ರೋ ಇಳಿದ ಜಾಗದ ಹತ್ತಿರ. ಹೊರಗಿನದನ್ನು ಕಣ್ಣಳತೆಯಲ್ಲೇ ಒಳಗೆ ತಂದುಕೊಂಡ ಆ ತೋಟಗಾರರ ಜಾಣ್ಮೆಗೆ ಅಲ್ಲಿ ಹತ್ತು ನಿಮಿಷ ಕೊಡಿ. ಪಕ್ಕದಲ್ಲೇ ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸ ಮಾಡಿದ, 2006ರಲ್ಲಿ ತೆರೆದ ಸುಝೌ ಮ್ಯೂಸಿಯಂ. ಮಧ್ಯಾಹ್ನದ ಮೇಲೆ ಕಾಲುವೆ ಪಕ್ಕದ ಪಿಂಗ್‌ಜ್ಯಾಂಗ್ ಬೀದಿ. ಮುಖ್ಯ ಬೀದಿಯಲ್ಲಿ ಬರೀ ಅಂಗಡಿ, ಪಕ್ಕದ ಓಣಿಗಳಿಗೆ ಹೊಕ್ಕರೆ ಜನ ಬಟ್ಟೆ ಒಣಹಾಕುವ ನಿಜವಾದ ಸುಝೌ ಸಿಗುತ್ತದೆ. ಶಾಂಘೈಯಿಂದ ಹೋದವರಿಗೆ ಎಲ್ಲ ಸೇರಿ ತಲಾ 250 ಯುವಾನ್ ಸಾಕು.

ಎರಡನೆಯದು ಹಾಂಗ್‌ಝೌ. ಇಲ್ಲಿ ಒಂದು ರಾತ್ರಿ ಉಳಿಯಿರಿ. ಪಶ್ಚಿಮ ಸರೋವರಕ್ಕೆ ಟಿಕೆಟ್ ಇಲ್ಲ. 1 ಯುವಾನ್ ನೋಟಿನ ಹಿಂಭಾಗದಲ್ಲಿ ಇರುವ ಚಿತ್ರ ಈ ಸರೋವರದ ನೀರಿನ ನಡುವೆ ನಿಂತ ಸಣ್ಣ ಕಲ್ಲಿನ ಗೋಪುರಗಳದ್ದು. ಶನಿವಾರ ಮಧ್ಯಾಹ್ನ ದಡದಲ್ಲಿ ಕಾಲಿಡಲು ಜಾಗ ಇರಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ ಸು ಏರಿಯ ಮೇಲೆ ನಡೆಯಿರಿ. ಕವಿ ಸು ಶಿ ಈ ಊರಿನ ಅಧಿಕಾರಿಯಾಗಿದ್ದಾಗ, ಸುಮಾರು 1090ರಲ್ಲಿ, ಸರೋವರದ ಹೂಳು ತೆಗೆಸಿ ಅದೇ ಮಣ್ಣಿನಲ್ಲಿ ಈ ಏರಿ ಕಟ್ಟಿಸಿದ. 2.8 ಕಿ.ಮೀ. ಉದ್ದ, ಆರು ಸೇತುವೆ.

ಭಾನುವಾರ ಬೆಳಿಗ್ಗೆ ಲಿಂಗ್‌ಯಿನ್ ದೇವಸ್ಥಾನ. 4ನೇ ಶತಮಾನದಲ್ಲಿ ಇದನ್ನು ಸ್ಥಾಪಿಸಿದವನು ಭಾರತದಿಂದ ಬಂದ ಭಿಕ್ಷು, ಚೀನೀಯರು ಅವನನ್ನು ಹುಯಿಲಿ ಅನ್ನುತ್ತಾರೆ. ಎದುರಿಗಿನ ಗುಡ್ಡವನ್ನು ನೋಡಿ ಅವನು "ಇದು ನಮ್ಮ ದೇಶದ ಬೆಟ್ಟ, ಇಲ್ಲಿಗೆ ಯಾವಾಗ ಹಾರಿ ಬಂತು?" ಅಂದನಂತೆ. ಅದಕ್ಕೇ ಅದಕ್ಕೆ ಹಾರಿ ಬಂದ ಶಿಖರ ಅಂತ ಹೆಸರು. ಬಂಡೆ, ಗುಹೆಗಳ ಮೇಲೆ 300ಕ್ಕೂ ಹೆಚ್ಚು ಬೌದ್ಧ ಕೆತ್ತನೆಗಳಿವೆ. ಚೀನೀ ಗೆಳೆಯ ಜೊತೆಗಿದ್ದರೆ ಈ ಕಥೆ ನೀವೇ ಅವನಿಗೆ ಹೇಳಿ. ಶಾಂಘೈಯಿಂದ ಹೊರಟರೆ ಒಟ್ಟು ಖರ್ಚು ತಲಾ 600 ಯುವಾನ್ ಆಸುಪಾಸು. ಯುವಾನ್‌ಗೆ 12 ರೂಪಾಯಿ ಅಂತ ಹಿಡಿದರೆ 7,200 ರೂಪಾಯಿ.

ನಾನ್‌ಜಿಂಗ್‌ನಲ್ಲಿ ಮಿಂಗ್ ಕಾಲದ ಕೋಟೆ ಗೋಡೆ, ಶ್ವಾನ್‌ವು ಸರೋವರ, 392 ಮೆಟ್ಟಿಲ ಸುನ್ ಯಾತ್‌ಸೆನ್ ಸಮಾಧಿ. ಅದರ ಪಕ್ಕದಲ್ಲೇ ಲಿಂಗ್‌ಗು ದೇವಸ್ಥಾನ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಓದಿದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ನೆನಪಿದ್ದಾನಲ್ವಾ? ಅವನ ಅವಶೇಷದ ಒಂದು ಭಾಗವನ್ನು ಈ ದೇವಸ್ಥಾನದಲ್ಲಿ ಇಟ್ಟಿದ್ದಾರೆ. ಕನ್ನಡದವರು ಇದನ್ನು ನೋಡದೆ ಬರಬಾರದು ಅನ್ನುವುದು ನನ್ನ ಅಭಿಪ್ರಾಯ.

ಹುವಾಂಗ್‌ಶಾನ್ ಬೆಟ್ಟ ಮೇಲಿನ ಮೂರಕ್ಕಿಂತ ಕಷ್ಟದ್ದು, ಅದನ್ನು ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಶುಕ್ರವಾರ ರಾತ್ರಿ ಬುಡದ ತಾಂಗ್‌ಕೋ ಊರಲ್ಲಿ ಉಳಿದು, ಶನಿವಾರ ಬೆಳಿಗ್ಗೆ ಕೇಬಲ್ ಕಾರಿನಲ್ಲಿ ಹತ್ತಿ. ಸೂರ್ಯೋದಯ ನೋಡಬೇಕಾದರೆ ರಾತ್ರಿ ಮೇಲೆಯೇ ಉಳಿಯಬೇಕು, ಅಲ್ಲಿ ಡಾರ್ಮಿಟರಿ ಹಾಸಿಗೆಗೂ ದರ ಜಾಸ್ತಿ. ಮೇಲಿನ ಹೋಟೆಲ್‌ಗಳಿಗೆ ಸಾಮಾನನ್ನು ಕೂಲಿಗಳು ಹೆಗಲ ಮೇಲೆ ಹೊತ್ತು ತರುತ್ತಾರೆ. ಆದ್ದರಿಂದ ನೀರು, ತಿಂಡಿ ನೀವೇ ಒಯ್ಯಿರಿ. ಅತಿ ಎತ್ತರದ ಕಮಲ ಶಿಖರ 1,864 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು. ಆದರೆ ಇಡೀ ದಾರಿ ಕಲ್ಲಿನ ಮೆಟ್ಟಿಲು, ಮಂಡಿ ಹಿಡಿದುಕೊಳ್ಳುತ್ತದೆ. ಮಳೆಕೋಟು ಬೇಕೇ ಬೇಕು, ಕೊಡೆ ಉಪಯೋಗಕ್ಕೆ ಬರಲ್ಲ.

ಬೇರೆ ಕಡೆ ಓದುವವರಿಗೆ: ಬೀಜಿಂಗ್‌ನಿಂದ ತ್ಯಾಂಜಿನ್ ಅರ್ಧ ಗಂಟೆ. ಚೆಂಗ್ದುವಿನಿಂದ ಲೆಶಾನ್‌ನ ದೊಡ್ಡ ಬುದ್ಧ ಒಂದು ಗಂಟೆ. ಷಿಯಾನ್‌ನಿಂದ ಲುವೊಯಾಂಗ್ ಒಂದೂವರೆ ಗಂಟೆ. ಅಲ್ಲಿನ ಬಿಳಿ ಕುದುರೆ ದೇವಸ್ಥಾನದ ಆವರಣದಲ್ಲಿ ಭಾರತ ಸರ್ಕಾರ ಕಟ್ಟಿಸಿದ ಸಾಂಚಿ ಮಾದರಿಯ ದೇಗುಲ 2010ರಿಂದ ಇದೆ. ಷಿಯಾಮೆನ್‌ನಲ್ಲಿ ಇರುವವರು ಚುವಾನ್‌ಝೌಗೆ ಹೋಗಿ, 13ನೇ ಶತಮಾನದಲ್ಲಿ ತಮಿಳು ವ್ಯಾಪಾರಿಗಳು ಕಟ್ಟಿಸಿದ ಶಿವ ದೇವಸ್ಥಾನದ ಕೆತ್ತಿದ ಕಲ್ಲುಗಳನ್ನು ನೋಡಬಹುದು.

ತೊಂದರೆ ಬಂದರೆ

ಪೊಲೀಸ್ 110, ಆಂಬುಲೆನ್ಸ್ 120. ವೀಸಾ, ನೋಂದಣಿ ಪ್ರಶ್ನೆಗಳಿಗೆ ವಲಸೆ ಇಲಾಖೆಯ 12367, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಅದೇ ಊರಿನ ಠಾಣೆಗೆ ಹೋಗಿ ದೂರಿನ ಪತ್ರ ಪಡೆಯಿರಿ. ಆಮೇಲೆ ಬೀಜಿಂಗ್‌ನ ರಾಯಭಾರ ಕಚೇರಿ, ಇಲ್ಲವೇ ಶಾಂಘೈ, ಗುವಾಂಗ್‌ಝೌಗಳಲ್ಲಿರುವ ಭಾರತದ ಕಾನ್ಸುಲೇಟ್. ಅಪ್ಪ ಅಮ್ಮನಿಗೂ ವಿಚಾಟ್ ಹಾಕಿಸಿಕೊಟ್ಟಿದ್ದರೆ ಹೋಟೆಲ್ ವಿಳಾಸ ಅವರಿಗೂ ಕಳಿಸಿ.

ಭಾನುವಾರ ವಾಪಸ್

ಹಾಸ್ಟೆಲ್ ಬಾಗಿಲು ಹಾಕುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಹನ್ನೊಂದಕ್ಕೆ ಮುಚ್ಚುವುದಾದರೆ ನಿಮ್ಮೂರ ನಿಲ್ದಾಣದಲ್ಲಿ ಒಂಬತ್ತೂವರೆಗೆ ಇಳಿದಿರಬೇಕು. ಅಂದರೆ ಏಳೂವರೆ ಎಂಟರ ರೈಲು. ಕೊನೆಯ ಮೆಟ್ರೋ ಹಲವು ಊರುಗಳಲ್ಲಿ ಹತ್ತೂವರೆ ಹನ್ನೊಂದಕ್ಕೇ ಮುಗಿಯುತ್ತದೆ. ಹೋಟೆಲ್ ಬಿಡುವಾಗ ಬ್ಯಾಗನ್ನು ರಿಸೆಪ್ಷನ್‌ನಲ್ಲಿ ಇಟ್ಟು ಸುತ್ತಾಡಿ ಬಂದು ತೆಗೆದುಕೊಳ್ಳಿ, ಸಾಮಾನ್ಯವಾಗಿ ದುಡ್ಡು ಕೇಳಲ್ಲ. ರೈಲಿನಲ್ಲಿ ಕೂತ ಕೂಡಲೇ ಎರಡು ಕೆಲಸ ಮುಗಿಸಿ: ಉಳಿದ ಲೆಕ್ಕ ತೀರಿಸುವುದು, ಮುಂದಿನ ಪ್ರವಾಸದ ಶನಿವಾರ ಯಾವುದು ಅಂತ ನಾಲ್ವರೂ ಒಪ್ಪಿಕೊಳ್ಳುವುದು. ಆ ದಿನಕ್ಕೆ 15 ದಿನ ಮುಂಚೆ 12306 ತೆರೆಯುವುದು ಯಾರ ಪಾಲಿನ ಕೆಲಸ ಅಂತಲೂ ಅಲ್ಲೇ ಹೆಸರು ಹಾಕಿ.